ಫೋನ್ ನುಂಗಿದ ಮೂರು ಸುತ್ತು

ಮನಿ ಮಂದಿ ಎದುರಿಗೆ ನಿಂತು "ಹಂಗಲ್ರಿ, ಹಿಂಗ ಆಗ್ಯಾದ" ಅಂತ ಹೇಳಾಕತ್ತಾಗ, ಅವ್ರನ್ನ ಬಿಟ್ಟು ಫೋನ್ ಹೇಳಿದ್ದನ್ನ ನಂಬೀರೇನ್ರಿ ನೀವು ಎಂದಾದ್ರೂ? ನಾ ನಂಬಿ ಕೆಟ್ಟೇನಿ. ಅದನ್ನೇ ಬರಿಯಾಕತ್ತೇನಿ. ನಗೂದಿದ್ರ ನಗ್ರಿ, ಆದ್ರ ಪೂರ್ತಿ ಓದಿ ನಗ್ರಿ.

ನಮ್ದು ಆಳಂದ. ಕಿಣ್ಣಿ ಸುಲ್ತಾನದಾಗ ಶಾಲಿ ಮಾಸ್ತರ ಇದ್ದೇನಿ. ತಲಿ ಅರ್ಧ ಖಾಲಿ ಆಗ್ಯಾದ, ಆದ್ರೂ ಆಟದ ಕಾರಿನ ಹುಚ್ಚು ಹೋಗಿಲ್ಲ. ಸ್ಲಾಟ್ ಕಾರ್ ಅಂತಾರ ಇದಕ್ಕ. ಪ್ಲಾಸ್ಟಿಕ್ ರಸ್ತಾ, ಅದರಾಗ ಎರಡು ಸಂದಿ. ಅಂಗೈಯಷ್ಟು ಕಾರು, ಅದರ ಹೊಟ್ಟಿ ಕೆಳಗಿನ ಕಡ್ಡಿ ಸಂದಿಯಾಗ ಕೂಡ್ತದ, ಕರೆಂಟಿನ ಮ್ಯಾಲೆ ಓಡ್ತದ. ಕೈಯಾಗಿನ ಬಟನ್ ಒತ್ತಿದಷ್ಟು ಜೋರು. ತಿರುವಿನಾಗ ಜಾಸ್ತಿ ಒತ್ತಿದ್ರಿ ಅಂದ್ರ ಹಾರಿ ಹೋಗಿ ಗ್ವಾಡಿಗೆ ಬಡೀತದ. ಸೊಲ್ಲಾಪುರದ ಹಳೇ ಸಾಮಾನಿನ ಅಂಗಡ್ಯಾಗ ಸಿಕ್ಕಿತ್ತು. ಮ್ಯಾಲಿನ ಖೋಲಿಯಾಗ ಹಲಗಿ ಜೋಡಿಸಿ ಹಾಸೇನಿ.

ನನ್ ಜೋಡಿ ಆಡಾಂವ ಅಫಜಲಪುರದ ದೋಸ್ತ. ಬಿ.ಎಡ್ ಓದುವಾಗ ಹಾಸ್ಟೆಲಿನಾಗ ಇಬ್ರೂ ಒಂದೇ ಖೋಲಿ, ಒಂದೇ ಸಾಬಾಣ. ಈಗ ಅವ ಅಲ್ಲೇ ಹೈಸ್ಕೂಲಿನಾಗ ವಿಜ್ಞಾನ ಕಲಸ್ತಾನ. ತಿಂಗಳಿಗೊಂದು ಐತವಾರ ಬರ್ತಿದ್ದ. ಐದು ನಿಮಿಷದಾಗ ಯಾರ ಕಾರು ಹೆಚ್ಚು ಸುತ್ತು ಹಾಕ್ತದೋ ಅವ ಗೆದ್ದಂಗ. ಗೆದ್ದಾಂವಗ ಒಂದು ಸ್ಟೀಲ್ ತಂಬಿಗಿ. ಭಾಂಡೆ ಅಂಗಡ್ಯಾಗ ಹೆಸರು ಕೆತ್ತಸ್ತಾರಲ್ರಿ, ಹಂಗ ಅದರ ಮ್ಯಾಲೆ ಗೆದ್ದಾಂವನ ಹೆಸರು.

ಎಣಿಸೂದು ನನ್ ಹೆಂಡ್ತಿ ಕೆಲಸ. ಅಕಿ ತವರುಮನಿ ಜೇವರ್ಗಿ ಕಡಿ. ಸಣ್ಣಾಕಿ ಇದ್ದಾಗ ಅವರಪ್ಪ ಕಣದಾಗ ಚೀಲ ತುಂಬ್ತಿದ್ರ, ಚೀಲಕ್ಕೊಂದು ತೊಗರಿ ಕಾಳು ತಗದು ಬಾಜೂಕ ಇಡ್ತಿದ್ಲಂತ. ಅದೇ ರೂಢಿ ನಮ್ಮ ಆಟಕ್ಕೂ ತಂದ್ಲು. ಕುರ್ಚಿ ಹಾಕ್ಕೊಂಡು, ಎರಡೂ ಕಡಿ ಒಂದೊಂದು ಬಟ್ಟಲ ಇಟ್ಕೊಂಡು, ಕಾರು ಗೆರಿ ದಾಟ್ತಂದ್ರ ಟಕ್ ಅಂತ ಒಂದು ಕಾಳು. ಎಡಗೈ ಅವನ ಸುತ್ತಿಗೆ, ಬಲಗೈ ನನ್ ಸುತ್ತಿಗೆ. ಕಣ್ಣು ಮಿಟುಕಸ್ತಿರಲಿಲ್ಲ.

ಒಂದು ಐತವಾರ ದೋಸ್ತ ಸ್ಟ್ಯಾಂಡ್ ಹಿಡ್ಕೊಂಡು ಬಂದ. ಅದಕ್ಕ ತನ್ ಫೋನ್ ಸಿಗಸಿ ಗೆರಿ ಮ್ಯಾಲೆ ನಿಲ್ಲಿಸಿದ.

"ವೈನಿಗ್ಯಾಕ ತ್ರಾಸ ಕೊಡ್ತಿ ಲೇ? ಕಾರು ದಾಟಿದ್ದನ್ನ ಕ್ಯಾಮೆರಾ ನೋಡ್ತದ, ತಾನೇ ಎಣಸ್ತದ. ಒಂದೊಂದು ಸುತ್ತಿಗೆ ಎಷ್ಟು ಸೆಕೆಂಡ್ ಅಂತನೂ ಹೇಳ್ತದ."

ನನಗ ಭಾಳ ಖುಷಿ. ಯಾವ ಸಂದಿ ಬೇಕಂತ ಅವನಿಗೇ ಕೇಳಿದೆ. ಮನಿಗೆ ಬಂದವ್ರು ಮೊದಲು ಆರಿಸೂದು ನಮ್ಮ ಪದ್ಧತಿ. ಅವ ಎಂದಿನಂಗ ಎಡಗಡಿದು ತಗೊಂಡ, ನನಗ ಬಲಗಡಿದು.

ಆವತ್ತು ಹೆಂಡ್ತಿ ಸುಮ್ಮ ಕುಂಡ್ರಲಿಲ್ಲ, ಕಾಳನೂ ಹಾಕಿದ್ಲು. ಐದು ನಿಮಿಷ ಮುಗೀತು. ಫೋನಿನಾಗ ಅವಂದು ನಲವತ್ತಾರು, ನಂದು ನಲವತ್ತೈದು. ಬಟ್ಟಲದಾಗ ಅವಂದು ನಲವತ್ತಾರೇ, ನಂದು ನಲವತ್ತೆಂಟು.

"ನೀವು ಗೆದ್ದೀರಿ," ಅಂದ್ಲು ಅಕಿ.

ದೋಸ್ತ ನಕ್ಕ. "ವೈನಿ, ಗಂಡನ ಕಡಿ ಕೈ ಜರಾ ಜೋರ್ ಓಡ್ಯಾದ ನೋಡ್ರಿ." ಆಮ್ಯಾಲ ನನಗ ಫೋನ್ ತೋರಿಸಿದ. "ಇಲ್ನೋಡ್ ಲೇ, ಈ ಸುತ್ತಿಗೆ ಹನ್ನೆರಡು ಸೆಕೆಂಡ್. ಇಲ್ಲೊಂದು, ಇಲ್ಲೊಂದು. ಮೂರು ಸಲ ಹಾರೀತಲ್ಲ ನಿನ್ ಗಾಡಿ?"

ನನ್ ಕಾರು ಹಾರಿತ್ತೇನು? ನೆನಪಾಗಲಿಲ್ಲ. ಆದ್ರ ಫೋನಿನಾಗ ಬರ್ದದಲ್ಲ.

"ಒಂದ್ ಸಲಾನೂ ಹಾರಿಲ್ರಿ. ನಾ ನೋಡಾಕತ್ತಿದ್ದೆ," ಅಂದ್ಲು.

ಆಗ ನಾ ಅಂದ ಮಾತು ಹೇಳ್ತೇನಿ, ಮುಚ್ಚಿಡಂಗಿಲ್ಲ. "ಫೋನಿಗೇನು ನನ್ ಮ್ಯಾಲೆ ಸಿಟ್ಟದ ಏನ್ ಬೇ? ನಾ ಗೆಲ್ಲಲಿ ಅಂತ ನೀನೇ ಮೂರು ಕಾಳು ಹೆಚ್ಚಿಗಿ ಹಾಕಿರ್ತಿ." ದೋಸ್ತನ ಎದುರಿಗೇ ಅಂದೆ.

ಅಕಿ ನನ್ನ ಮಾರಿ ನೋಡಿದ್ಲು. ಬಟ್ಟಲ ಒಂದರಾಗ ಒಂದು ಇಟ್ಕೊಂಡು ಕೆಳಗ ಹೋದ್ಲು. ಆಮ್ಯಾಲ ಆ ಖೋಲಿಗೆ ಹತ್ತಿ ಬರಲೇ ಇಲ್ಲ. ಚಾ ಆದ್ರ ಕೆಳಗಿಂದನೇ ಕೂಗ್ತಿದ್ಲು.

ಮುಂದ ಎಂಟು ತಿಂಗಳು ಸೋತೆ. ಒಂದೋ ಎರಡೋ ಸುತ್ತಿನಾಗ, ಎಲ್ಲಾ ಸಲನೂ. ತಂಬಿಗಿ ಮ್ಯಾಲೆ ಅವನ ಹೆಸರು ನಾನೇ ಭಾಂಡೆ ಅಂಗಡಿಗೆ ಹೋಗಿ ಕೆತ್ತಿಸಿದೆ. ಕೈ ನಿಧಾನ ಆಗ್ಯಾವ, ವಯಸ್ಸಾತು ಅಂದ್ಕೊಂಡು ಶಾಲಿಯಿಂದ ಬಂದು ದಿನಾ ಒಬ್ಬನೇ ಪ್ರ್ಯಾಕ್ಟೀಸ್ ಮಾಡ್ತಿದ್ದೆ. ಖರೇ ನೋಡಿದ್ರ ನಾ ಎಷ್ಟು ಚಲೋ ಓಡಸ್ತಿದ್ನೋ ಅಷ್ಟು ಸೋಲ್ತಿದ್ದೆ.

ಹೆಂಗ ಅಂತ ಗೊತ್ತಾಗಿದ್ದು ಹೋದ ತಿಂಗಳು. ದೋಸ್ತ ಹೊಸ ಫೋನ್ ತಗೊಂಡ. ಹಳೇದು ನನ್ ಕೈಯಾಗ ಇಟ್ಟು, "ಇಲ್ಲೇ ಇರ್ಲಿ, ಎಣಸಾಕ ಬರ್ತದ," ಅಂದ. ಅವ ಹೋದ ಮ್ಯಾಲೆ ಸುಮ್ಮ ಎಣಸೂ ಆ್ಯಪಿನ ಸೆಟ್ಟಿಂಗ್ ತಗದು ನೋಡಾಕತ್ತೆ. ಅಲ್ಲಿ ಒಂದು ಸಾಲು: ಒಂದು ಸುತ್ತಿಗೆ ಕಮ್ಮಿ ಅಂದ್ರ ಎಷ್ಟು ಸೆಕೆಂಡ್ ಆಗಬೇಕು ಅಂತ. ಒಂದೇ ಕಾರನ್ನ ಎರಡು ಸಲ ಎಣಿಸಬಾರದು ಅಂತ ಅದು ಇರೂದು. ಎಡಗಡಿ ಸಂದಿಗೆ ಎರಡು ಸೆಕೆಂಡ್. ಬಲಗಡಿದಕ್ಕ ಆರು.

ನನ್ ಕಾರು ಸುಮಾರಾಗಿ ಓಡಿದ್ರ ಸುತ್ತಿಗೆ ಆರು ಸೆಕೆಂಡಿನ ಮ್ಯಾಲೆ ಚೂರು. ಮಸ್ತ್ ಓಡಿದ್ರ ಐದೂ ಮುಕ್ಕಾಲು. ಆರರೊಳಗ ಬಂದ ಸುತ್ತನ್ನ ಫೋನ್ ಎಣಸಂಗೇ ಇಲ್ಲ! ಅದನ್ನ ಮುಂದಿನ ಸುತ್ತಿಗೆ ಕೂಡಿಸಿ ಹನ್ನೆರಡು ಸೆಕೆಂಡಿನ ಒಂದೇ ಸುತ್ತು ಮಾಡ್ತದ. ಕಾರು ಹಾರೇ ಇರಲಿಲ್ರಿ. ಅವೇ ನನ್ನ ಎಲ್ಲಕ್ಕಿಂತ ಚಲೋ ಸುತ್ತು.

ದೋಸ್ತಗ ಫೋನ್ ಹಚ್ಚಿದೆ. "ಯಾಕ ಲೇ ಹಿಂಗ ಮಾಡಿದಿ?"

ಅವ ಒಪ್ಕೊಂಡ. "ಮೊದಲ ದಿನ ಮಸ್ಕಿರಿಗೆ ಮಾಡಿದ್ದು ಲೇ. ವೈನಿ ಹಿಡೀತಾರ, ಎಲ್ಲಾರೂ ನಗೂಣು ಅಂತ. ಅವ್ರು ಹಿಡಿದ್ರು ಕೂಡ. ನೀನೇ ನಂಬಲಿಲ್ಲ. ಆಮ್ಯಾಲ ಹೆಂಗ ಹೇಳ್ಲಿ?"

"ಎಂಟು ತಿಂಗಳು?"

"ತಂಬಿಗಿ ಮ್ಯಾಲೆ ಹೆಸರು ಚಂದ ಕಾಣ್ತಿತ್ತು," ಅಂತ ನಕ್ಕ. ನಾ ಫೋನ್ ಇಟ್ಟೆ. ಆಮ್ಯಾಲ ಅವಂದು ನಾಕು ಸಲ ಬಂತು, ಎತ್ತಿಲ್ಲ.

ಅವ ಮೋಸ ಮಾಡಿದ್ದಂತೂ ಖರೇ. ಇಪ್ಪತ್ತು ವರ್ಷದ ದೋಸ್ತಿ ಅದು, ಸುಡ್ತದ. ಆದ್ರ "ನೀನೇ ನಂಬಲಿಲ್ಲ" ಅಂದನಲ್ಲ, ಅದೂ ಖರೇನೇ.

ಕೆಳಗ ಹೋಗಿ ಹೆಂಡ್ತಿಗೆ ಎಲ್ಲಾ ಹೇಳಿದೆ. ಬ್ಯಾಳಿ ಆರಿಸಾಕತ್ತಿದ್ಲು, ತಲಿ ಎತ್ತಲಿಲ್ಲ. "ನಲವತ್ತೆಂಟೇ ಇತ್ತು ನೋಡು," ಅಂದೆ.

"ನನಗ ಅವತ್ತೇ ಗೊತ್ತಿತ್ರಿ," ಅಂದ್ಲು.

"ಬರೂ ಐತವಾರ ನಾ ಒಬ್ಬನೇ ಓಡಸ್ತೇನಿ. ನೀ ಬಂದು ಎಣಸ್ತೀ ಏನು?"

"ಎಣಸಾಕ ಫೋನ್ ಅದಲ್ರಿ."

ಅಷ್ಟೇ. ಸಿಟ್ಟಿಲ್ಲ, ಜಗಳಿಲ್ಲ. ಎರಡು ಐತವಾರ ಹೋದವು. ಕುರ್ಚಿ ಅಲ್ಲೇ ಅದ, ಎರಡೂ ಬಟ್ಟಲದಾಗ ತೊಗರಿ ಕಾಳು ನಾನೇ ತುಂಬಿಟ್ಟೇನಿ. ಅಕಿ ಹತ್ತಿ ಬಂದಿಲ್ಲ.

ನಿಮ್ಮ ಮನ್ಯಾಗೂ ಹಿಂಗ ಯಾರದಾದ್ರೂ ಮಾತು ತಳ್ಳಿ ಹಾಕಿ, ಆಮ್ಯಾಲ ಅವ್ರೇ ಖರೇ ಅಂತ ಗೊತ್ತಾಗಿದ್ರ ಕೆಳಗ ಬರೀರಿ. ದೋಸ್ತರು ಮಾಡಿದ ಮೋಸದ ಕಥಿನೂ ಬರೀರಿ, ಓದ್ತೇನಿ. ಆದ್ರ ಮೊದಲು ಇದನ್ನ ಹೇಳ್ರಿ: ಆ ಮನಿಯವ್ರನ್ನ ಮತ್ತ ಆ ಕುರ್ಚಿ ಮ್ಯಾಲೆ ಕುಂಡ್ರಸಾಕ ನೀವು ಏನ್ ಮಾಡಿದ್ರಿ?