ಕೆಂಪು ದಾರದ ಜೋಡಿ

ಮೊನ್ನೆ ರವಿಕೆಯ ಹುಕ್ಕು ಹುಡುಕಲೆಂದು ಹೊಲಿಗೆ ಡಬ್ಬಿಯನ್ನು ಮಂಚದ ಮೇಲೆ ಸುರುವಿದೆ. ಗುಂಡಿ, ಸೂಜಿ, ಲೇಸಿನ ತುಂಡುಗಳ ನಡುವೆ ಕೆಂಪು ದಾರದಲ್ಲಿ ಕಟ್ಟಿದ ಎರಡು ರೆಸಿಸ್ಟರುಗಳು. ಜೀರಿಗೆಗಿಂತ ತುಸು ದಪ್ಪ, ಮೈಮೇಲೆ ಬಣ್ಣದ ಪಟ್ಟಿ. ಹುಕ್ಕು ಮರೆತೇಹೋಯಿತು...

ಊರಿಗೆ ಊರೇ ಕಂಪ್ಯೂಟರ್ ಎನ್ನುತ್ತಿದ್ದ ವರ್ಷಗಳವು. ಸನತ್‌ನಗರದ ಒಂದು ಸಣ್ಣ ಆಂಪ್ಲಿಫೈಯರ್ ಕಾರ್ಖಾನೆಯಲ್ಲಿ ನಾನು ಬೆಸುಗೆ ಹಾಕುತ್ತಿದ್ದೆ. ಅಲ್ಲಿ ಡಿಸೈನು ಮಾಡುತ್ತಿದ್ದವರು ನಮ್ಮ ಓಣಿಯ ಕಾಕಾ. ಧಾರವಾಡದ ಕಡೆಯವರು, ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾಗಿದ್ದರು. ನನ್ನನ್ನು ಕೆಲಸಕ್ಕೆ ಸೇರಿಸಿದವರೂ ಅವರೇ.

ಹೊಸ ಐಟಿ ಆಫೀಸುಗಳ ಮೀಟಿಂಗ್ ಹಾಲುಗಳಿಗೆ ಬ್ಯಾಲೆನ್ಸ್‌ಡ್ ಆಂಪ್ಲಿಫೈಯರ್ ಬೇಕಿತ್ತು. ಅದರಲ್ಲಿ ಒಂದೇ ದನಿ ಎರಡು ತಂತಿಗಳಲ್ಲಿ ಹರಿಯುತ್ತದೆ, ಒಂದರಲ್ಲಿ ನೇರ, ಇನ್ನೊಂದರಲ್ಲಿ ತಿರುವುಮುರುವು. ದಾರಿಯಲ್ಲಿ ಸೇರಿಕೊಂಡ ಗುಂಯ್ ಸದ್ದು ಎರಡರಲ್ಲೂ ಒಂದೇ ಇರುವುದರಿಂದ ಕೊನೆಗೆ ಒಂದರಿಂದ ಇನ್ನೊಂದನ್ನು ಕಳೆದಾಗ ಅಳಿಸಿಹೋಗುತ್ತದೆ. ಆದರೆ ವಾಲ್ಯೂಮ್ ಇಳಿಸಿದಾಗ ಎರಡೂ ತಂತಿಗಳಲ್ಲಿ ದನಿ ಸರಿಸಮ ಇಳಿಯಬೇಕು. ಚೂರು ಹೆಚ್ಚುಕಡಿಮೆಯಾದರೂ ಗುಂಯ್ ವಾಪಸು.

ಅಂಗಡಿಯಲ್ಲಿ ಸಿಗುವ ಜೋಡಿ ವಾಲ್ಯೂಮ್ ಕಂಟ್ರೋಲನ್ನು ಕಾಕಾ ನಂಬುತ್ತಿರಲಿಲ್ಲ. “ಗಂಡ-ಹೆಂಡ್ತಿ ಇದ್ದಂಗ ಅವು. ಒಂದ ಮನ್ಯಾಗ ಇರ್ತಾವ, ಒಂದು ಮುಂದ, ಒಂದು ಹಿಂದ” ಎಂದು ನಗುತ್ತಿದ್ದರು. ಹನ್ನೆರಡು ಮೆಟ್ಟಿಲಿನ ಕಂಟ್ರೋಲನ್ನು ತಾವೇ ಮಾಡಿದ್ದರು. ಮೆಟ್ಟಿಲಿಗೊಂದು ಜೋಡಿ ರೆಸಿಸ್ಟರು, ತಂತಿಗೊಂದರಂತೆ. ಎರಡನ್ನೂ ಮೀಟರಿಗೆ ಸಿಕ್ಕಿಸಿ, ಭೂತಗನ್ನಡಿ ಹಿಡಿದು, ಎರಡೂ ಸಮ ಎಂದು ಸೂಜಿ ಅಲುಗದೆ ನಟ್ಟನಡುವೆ ನಿಂತರೆ ಮಾತ್ರ ಕೆಂಪು ದಾರ ಕಟ್ಟಿ ನನಗೆ ಕೊಡುತ್ತಿದ್ದರು.

ಆ ಸಂಜೆ ಐದೂವರೆಗೆ ಅಮೀರ್‌ಪೇಟೆಯಲ್ಲಿ ನನ್ನ ಕಂಪ್ಯೂಟರ್ ಕ್ಲಾಸು. ಏಳನೇ ಮೆಟ್ಟಿಲಿನ ಜೋಡಿ ಎಷ್ಟು ಹುಡುಕಿದರೂ ಮೇಜಿನ ಮೇಲೆ ಕಾಣಲಿಲ್ಲ. ಕೇಳಿದರೆ ಕಾಕಾ ಮತ್ತೆ ಒಂದು ಗಂಟೆ ಅಳೆಯುತ್ತಾ ಕೂರುತ್ತಾರೆ. ಡಬ್ಬದಿಂದ ಅದೇ ಬಣ್ಣದ ಪಟ್ಟಿಯ ಎರಡನ್ನು ಆರಿಸಿ, ಅಳೆಯದೆಯೇ ಬೆಸುಗೆ ಹಾಕಿ, ಬಸ್ಸಿಗೆ ಓಡಿದೆ.

ಮರುದಿನ ಗಿರಾಕಿಗಳ ಮುಂದೆ ಆಂಪ್ಲಿಫೈಯರ್ ಪೆಟ್ಟಿಗೆ ಹಚ್ಚಿದರು. ಆರನೇ ಮೆಟ್ಟಿಲಿನವರೆಗೆ ದನಿ ತಿಳಿಯಾಗಿತ್ತು. ಏಳಕ್ಕೆ ತಿರುಗಿಸಿದ್ದೇ ಗುಂಯ್ ಎಂದಿತು.

“ಕ್ಯಾ ಸಾಬ್, ಯೇಯಿಚ್ ಹೈ ಕ್ಯಾ ಆಪ್‌ಕೆ ಧಾಗೇ ಕಾ ಕಮಾಲ್?” ಇದೇನಾ ನಿಮ್ಮ ದಾರದ ಪವಾಡ ಎಂದು ಕಾರ್ಖಾನೆಯ ಮಾಲೀಕರು ಎಲ್ಲರೆದುರು ನಕ್ಕರು. ಗಿರಾಕಿಗಳೂ ನಕ್ಕು ಎದ್ದುಹೋದರು.

ಕಾಕಾ ಆ ಜೋಡಿಯನ್ನು ಕಳಚಿ ಮೀಟರಿಗೆ ಸಿಕ್ಕಿಸಿದರು. ಸೂಜಿ ಒಂದು ಬದಿಗೆ ವಾಲಿತು. ಭೂತಗನ್ನಡಿ ಹಿಡಿದು ಇನ್ನೊಮ್ಮೆ ನೋಡಿದರು.

“ಇದು ನಾನ ಕಟ್ಟಿದ ಜೋಡಿ ಏನವಾ?”

“ಹೂಂ ಕಾಕಾ. ನೀವು ಕೊಟ್ಟಿದ್ದನ್ನ ಹಾಕೀನ್ರಿ.”

ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. “ಹಂಗಾದ್ರ ನನ್ನ ಕಣ್ಣ ಮೋಸ ಮಾಡಾಕತ್ತಾವ, ಬಿಡು.”

ಎರಡು ದಿನದ ಮೇಲೆ, ಟಿಫಿನ್ ಚೀಲ ಒಗೆಯುವಾಗ, ಅದರ ಮಡಿಕೆಯಲ್ಲಿ ಏಳನೇ ಮೆಟ್ಟಿಲಿನ ಕೆಂಪು ದಾರದ ಜೋಡಿ ಸಿಕ್ಕಿತು. ಮುಷ್ಟಿಯಲ್ಲಿ ಹಿಡಿದು ಕಾಕಾನ ಮನೆಗೆ ಹೋದೆ. ನಮ್ಮ ಮನೆಯಿಂದ ನಾಲ್ಕನೇ ಬಾಗಿಲು. ನಾನು ಬಾಯಿ ತೆರೆಯುವ ಮೊದಲೇ ಅವರು ಭೂತಗನ್ನಡಿ ತಂದು ನನ್ನ ಇನ್ನೊಂದು ಕೈಯಲ್ಲಿಟ್ಟರು. “ನಿನ್ನ ಕಣ್ಣು ಭಾಳ ಚಲೋ ಅದಾವ. ಇನ್ನ ಮ್ಯಾಲೆ ಅಳತಿ ನೀನ ನೋಡವಾ. ಕುಂದರು, ಚಾ ಕುಡಿ.”

ಮುಷ್ಟಿ ಬಿಚ್ಚದೆಯೇ ಚಹಾ ಕುಡಿದು ಬಂದೆ.

ಕಾಕಾ ಮತ್ತೆ ಕಾರ್ಖಾನೆಗೆ ಬರಲಿಲ್ಲ. ಮೀಟರು ಹಿಡಿಯಲೂ ಇಲ್ಲವಂತೆ. ಯಾರಾದರೂ ರೇಡಿಯೊ ರಿಪೇರಿಗೆ ತಂದರೂ, ಕಣ್ಣು ಹೋಗಿವೆ ಎಂದು ಮರಳಿಸುತ್ತಿದ್ದರು. ಆರೇಳು ವರ್ಷ ಬದುಕಿದ್ದರು... ಅಷ್ಟೂ ವರ್ಷ ಆ ನಾಲ್ಕನೇ ಬಾಗಿಲು ಅಲ್ಲೇ ಇತ್ತು.

ನಿನ್ನೆ ಮಿಯಾಪುರದ ಮೊಬೈಲ್ ರಿಪೇರಿ ಅಂಗಡಿಗೆ ಹೋಗಿ, ದಾರ ಬಿಚ್ಚಿ, ಆ ಜೋಡಿಯನ್ನು ಅಳೆಸಿದೆ. ಮೀಟರಿನ ಅಂಕಿ ಓದಲು ನಾನೀಗ ಕನ್ನಡಕ ಹಾಕಬೇಕು. ಮೊದಲನೆಯದು ನೋಡಿದೆ. ಎರಡನೆಯದು ನೋಡಿದೆ. ಕೊನೆಯ ಅಂಕಿಯವರೆಗೂ ಒಂದೇ.

ದಾರ ಮತ್ತೆ ಕಟ್ಟೋಣವೆಂದರೆ ಅವರು ಹಾಕುತ್ತಿದ್ದ ಗಂಟು ನನಗೆ ಬರಲಿಲ್ಲ.