ಗುರುಬಾಯಿ ಮೇಡಂ ಕೊಟ್ಟ ಅರ್ಧ ಮಾರ್ಕು

ಸಿಂದಗಿ ಸಂತೆಗೆ ಗುರುಬಾಯಿ ಮೇಡಂ ಬಂದರೆಂದರೆ ಬದನೆಕಾಯಿ ಮಾರುವವರು ಮಾತು ನೋಡಿಕೊಂಡು ಆಡುತ್ತಿದ್ದರು. "ಎಲ್ಲಾ ಎಳೀವ ಅದಾವ್ರಿ ಅಕ್ಕಾರ" ಎಂದು ಯಾರಾದರೂ ಬಾಯಿತಪ್ಪಿ ಅಂದರೆ ಮುಗಿಯಿತು. ಮೇಡಂ ರಾಶಿಯ ಅಡಿಗೆ ಕೈಹಾಕಿ ಒಂದು ಕಾಯಿ ತೆಗೆದು, ತೋರುಬೆರಳೆತ್ತಿ, "ಅಂದಮ್ಯಾಲ? ಇದೂ ಎಳೀದ?" ಎಂದು ಚಕ್ಕನೆ ಮುರಿಯುತ್ತಿದ್ದರು. ಒಳಗೆ ಬೀಜ ಕಂಡರೆ ಸಿಟ್ಟಿಲ್ಲ, ಚೌಕಾಸಿಯೂ ಇಲ್ಲ. "ಎಲ್ಲಾ ಅನಬ್ಯಾಡವಾ, ಭಾಳ ಅನ್ನು" ಎಂದು ತಿದ್ದಿ, ಮುರಿದ ಕಾಯಿಯನ್ನೂ ಸೇರಿಸಿ ತೂಗಿಸಿಕೊಂಡು ಬರುತ್ತಿದ್ದರು.

ಅಲ್ಲಿನ ಪಿಯು ಕಾಲೇಜಿನಲ್ಲಿ ಅವರು ನಮಗೆ ತರ್ಕಶಾಸ್ತ್ರ ಹೇಳುತ್ತಿದ್ದರು. ಗೈಡಿನಲ್ಲಿ ಎಲ್ಲ ವಾದವೂ 'ಆದ್ದರಿಂದ' ಎಂದು ಮುಗಿಯುತ್ತಿತ್ತು. ಮೇಡಂಗೆ ಆ ಪದ ಸೇರುತ್ತಿರಲಿಲ್ಲ. "ಆದ್ದರಿಂದ ಅಂದ್ರ ಯಾರೋ ಹೇಳಿಕೊಟ್ಟಂಗ ಆಕ್ಕೈತಿ. ಅಂದಮ್ಯಾಲ ಅಂದ್ರ, ನೀನ ಅಂದೀ, ಇನ್ನ ತಪ್ಪಿಸಿಕೊಳ್ಳಾಂಗಿಲ್ಲ!" ಎನ್ನುತ್ತಿದ್ದರು. ತರ್ಕಕ್ಕೆ ಮೊದಲ ಗುರು ಎನಿಸಿದ ಆ ಪ್ರಾಚೀನ ಗ್ರೀಕನನ್ನು ಅವರು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಮನೆಯ ಹಿರಿಯನನ್ನು ಕರೆದಂತೆ 'ಮುತ್ಯಾ' ಎನ್ನುತ್ತಿದ್ದರು. ಮುತ್ಯಾ ಹಿಂಗಂದಾನ, ಮುತ್ಯಾ ಹಂಗಂದಾನ. ಹೊಸದಾಗಿ ಸೇರಿದವರು ಮುತ್ಯಾ ಅಂದರೆ ಅವರ ಊರಾದ ಇಂಗಳೇಶ್ವರದ ಯಾವನೋ ಅಜ್ಜನಿರಬೇಕು ಎಂದೇ ತಿಳಿಯುತ್ತಿದ್ದರು.

ನಮ್ಮಿಬ್ಬರ ನಂಟು ಗಂಟುಬಿದ್ದದ್ದು ಒಂದು ಕಿರುಪರೀಕ್ಷೆಯಲ್ಲಿ. 'ಎಲ್ಲಾ' ಎಂಬ ಮಾತು ನಿಜವಾದರೆ 'ಕೆಲವು' ಎಂಬುದೂ ನಿಜ ಎಂದು ಮುತ್ಯಾನ ನಿಯಮ. ಅದನ್ನು ವಿವರಿಸಿ ಎಂದು ಪ್ರಶ್ನೆ. ನಮ್ಮೂರು ಮೋರಟಗಿ ಕಡೆ. ಹೊಲದ ಪಕ್ಕ ಆಗಷ್ಟೇ ಕಾಲುವೆ ತೋಡಿದ್ದರು, ನೀರಿನ್ನೂ ಬಂದಿರಲಿಲ್ಲ. ಈ ಕಾಲುವೆಯ ನೀರೆಲ್ಲಾ ನಮಗೇ ಎಂದು ಊರಲ್ಲಿ ಹಿರಿಯರು ಎದೆಯುಬ್ಬಿಸಿ ತಿರುಗುತ್ತಿದ್ದರು. ನಾನು ಅದನ್ನೇ ಬರೆದೆ: ನೀರೆಲ್ಲಾ ನಮಗೆ ಎಂಬುದು ನಿಜವೇ ಇರಬಹುದು, ಆದರೆ ಒಂದು ಹನಿಯೂ ನಮಗೆ ಬಂದಿಲ್ಲ, ಏಕೆಂದರೆ ಕಾಲುವೆಯಲ್ಲಿ ನೀರೇ ಇಲ್ಲ, ನಿಯಮ ತಪ್ಪು.

ಉತ್ತರಪತ್ರಿಕೆ ತಿರುಗಿ ಬಂದಾಗ ಆ ಉತ್ತರದ ಎದುರು ಸರಿ ಗುರುತೂ ಇಲ್ಲ, ತಪ್ಪು ಗುರುತೂ ಇಲ್ಲ. ಕೇಳಿದೆ.

"ಗೈಡ್ ನಂಬಿ ನಿನಗ ಸೊನ್ನಿ ಕೊಡಾಕ ಮನಸ್ಸಿಲ್ಲ ಸಾವಿತ್ರಿ. ನಿನ್ನ ನಂಬಿ ಮಾರ್ಕ ಕೊಡಾಕ ಧೈರ್ಯ ಇಲ್ಲ. ಮುತ್ಯಾನ್ನ ಕೇಳಿ ಹೇಳ್ತೇನಿ, ತಡಿ."

ತಡೆದೆ. ಕಾಲೇಜು ಮುಗಿಯಿತು, ಓದು ಮುಗಿಯಿತು, ಮುದ್ದೇಬಿಹಾಳದಲ್ಲಿ ನಾನೇ ತರ್ಕಶಾಸ್ತ್ರ ಹೇಳುವವಳಾದೆ. ಮೇಡಂ ನಿವೃತ್ತರಾಗಿ ಇಂಡಿಯಲ್ಲಿ ತಂಗಿಯ ಮನೆಯಲ್ಲಿ ನೆಲೆಸಿದರು. ಆ ಮಾರ್ಕು ಮಾತ್ರ ಇನ್ನೂ ನಿಂತೇ ಇತ್ತು. ನಾನು ನಗುತ್ತ ನೆನಪಿಸಿದರೆ ಅವರು ನಗುತ್ತಿರಲಿಲ್ಲ. ಒಬ್ಬ ಹುಡುಗಿಗೆ ಉತ್ತರ ಹೇಳದೆ ತಾವು ಮೇಡಂ ಅನ್ನಿಸಿಕೊಂಡದ್ದು ಅವರನ್ನು ಒಳಗೊಳಗೇ ಕೊರೆಯುತ್ತಿತ್ತು.

ಆದರೆ ಮುತ್ಯಾನನ್ನು ಕೇಳುವುದೆಲ್ಲಿ? ಇಂಡಿ, ಸಿಂದಗಿ, ಬಾಗೇವಾಡಿಯ ಅಂಗಡಿಗಳಲ್ಲಿ ಇದ್ದದ್ದು ಬರೀ ಗೈಡುಗಳು. ಕೊನೆಗೆ ಇಬ್ಬರೂ ತಂತಮ್ಮ ಊರಲ್ಲೇ ಮೊಬೈಲಿನಲ್ಲಿ ಹುಡುಕಲು ಕೂತೆವು. ಗ್ರೀಕ್ ಜ್ಞಾನಿಯ ಜೀವನಸೂತ್ರಗಳು ಎಂಬ ವಿಡಿಯೋ ಕಳಿಸಿದೆ. ಮೇಡಂ ಧ್ವನಿಸಂದೇಶ ಬಂತು: "ಇದು ಮುತ್ಯಾ ಅಂದದ್ದಲ್ಲ, ಕ್ಯಾಲೆಂಡರ್ ಹಿಂದ ಬರಿಯೋ ಮಾತು." ಹುರುಪಿನಿಂದ ಮುತ್ಯಾನ ಪುಸ್ತಕವೆಂದು ದಪ್ಪನೆಯ ಪಿಡಿಎಫ್ ಒಂದನ್ನು ಕಳಿಸಿದೆ. ಉತ್ತರ ಒಂದೇ ಸಾಲು: "ಸರ್ವೆ ನಂಬರ್ ಎಲ್ಲಿ?"

ನನಗೆ ತಲೆಬುಡ ತಿಳಿಯಲಿಲ್ಲ. ಫೋನ್ ಹಚ್ಚಿದೆ.

"ನಿಮ್ಮಪ್ಪ ಹೊಲಾ ತಗೊಳ್ಳುವಾಗ ಮೊದಲ ಏನ ನೋಡ್ತಾರ?"

"ಸರ್ವೆ ನಂಬರ್ರಿ."

"ಮುತ್ಯಾನ ಮಾತಿಗೂ ಐತಿ. ಖರೇ ಪುಸ್ತಕದ ಅಂಚಿನ್ಯಾಗ ಸಣ್ಣ ಅಂಕಿ ಇರತಾವು, ಬಾಜೂಕ ಎ, ಬಿ ಅಂತ. ಇಂಗ್ಲಿಷಿಗೆ ತಂದ್ರೂ ಅದ ನಂಬರ್, ಜರ್ಮನ್‌ಗೆ ತಂದ್ರೂ ಅದ ನಂಬರ್. ಮುತ್ಯಾ ಅಂದಾನ ಅಂತ ಯಾರರೆ ಅಂದ್ರ, ಯಾವ ನಂಬರಿನ್ಯಾಗ ಅಂದಾನ ಕೇಳು. ನಂಬರ್ ಇಲ್ಲದ ಹೊಲಾ ತಗೋಬ್ಯಾಡ."

ಆ ಅಂಕಿಗಳನ್ನು ನಾನು ನೋಡಿದ್ದೆ. ಪುಟಸಂಖ್ಯೆ ಅಚ್ಚಿನವರ ಕೈತಪ್ಪಿ ಅಂಚಿಗೆ ಬಿದ್ದಿರಬೇಕು ಎಂದುಕೊಂಡಿದ್ದೆ! ಅವತ್ತಿನಿಂದ ನನಗೆ ಹುಚ್ಚೇ ಹಿಡಿಯಿತು. ಪುಸ್ತಕ ಸಿಕ್ಕರೆ ಮುಖಪುಟ ಬಿಟ್ಟು ಅಂಚು ನೋಡುವುದು, ಅಡಿಟಿಪ್ಪಣಿ ಮೊದಲು ಓದುವುದು. ಮೇಡಂ ಇನ್ನೊಂದು ಪರೀಕ್ಷೆಯನ್ನೂ ಹೇಳಿಕೊಟ್ಟಿದ್ದರು: "ಬಾಂದಿನ ಆಚಿ ಹೊಲದಾಂವ ಏನಂತಾನ ಅನ್ನೂದನ್ನೂ ಬರದಿರಬೇಕು. ತನ್ನ ಮಾತಷ್ಟ ಹೇಳಾಂವ ಪಂಡಿತ ಅಲ್ಲ, ವಕೀಲ." ನಾನೊಂದು ಲೇಖನ ಹುಡುಕಿದರೆ ಅವರು ಅದರ ಅಡಿಟಿಪ್ಪಣಿ ಹಿಡಿದು ಇನ್ನೆರಡು ಹುಡುಕುತ್ತಿದ್ದರು. ಸಿಕ್ಕಾಗಲೆಲ್ಲ ಇಂಡಿಯಿಂದ ಬರುವ ಫೋನಿನಲ್ಲಿ ಹಲೋ ಕೂಡ ಇರುತ್ತಿರಲಿಲ್ಲ, ನೇರವಾಗಿ ನಂಬರ್.

ಒಂದು ಮಧ್ಯಾಹ್ನ ಫೋನು. "ಮುತ್ಯಾ ಸಿಕ್ಕಾ! ಬಸ್ಸಿನ್ಯಾಗ ಕುಂತೇನಿ, ನಿನ್ನ ಕಡೀನ ಬರಾಕತ್ತೇನಿ!"

ಮುದ್ದೇಬಿಹಾಳ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಜೆರಾಕ್ಸ್ ಹಾಳೆಗಳ ಕಟ್ಟು ಹಿಡಿದ ಕೈ ಹೊರಬಂತು. ದಾರಿಯುದ್ದಕ್ಕೂ ಕಂಡಕ್ಟರನಿಗೆ ಪಾಠವಾಗಿತ್ತೆಂದು ಕಾಣುತ್ತದೆ. ಚೀಲ ಇಳಿಸಿಕೊಡುತ್ತ ಆತ, "ಅಕ್ಕಾರ, ಹಂಗಾರ ಖಾಲಿ ಬಸ್ಸಿನ್ಯಾಗ ಎಲ್ಲಾರೂ ಟಿಕೀಟ್ ತಗಸ್ಯಾರ ಅಂದ್ರ ಖರೇನೋ ಸುಳ್ಳೋ?" ಅಂದ.

"ಅದ! ಅದನ್ನ ಹೇಳಾಕ ಬಂದೇನಿ!" ಎಂದು ಮೇಡಂ ಅಲ್ಲೇ ಕಲ್ಲುಬೆಂಚಿನ ಮೇಲೆ ಹಾಳೆ ಹರವಿದರು. ಸ್ಟ್ಯಾಂಡಿನ ಗದ್ದಲ ಅವರಿಗೆ ಕೇಳಿಸುತ್ತಲೇ ಇರಲಿಲ್ಲ. "ಈಗಿನ ತರ್ಕದವರು ಏನಂತಾರ? ನೀರ ಇಲ್ಲದ ಕಾಲುವಿಗೆ 'ನೀರೆಲ್ಲಾ ನಿಮಗ' ಅಂದ್ರ ಅದು ಖರೇ, ಆದ್ರ ಹನಿ ಬರೂದಿಲ್ಲ ಅಂತಾರ. ಅವರ ಲೆಕ್ಕಕ್ಕ ನಿನ್ನ ಉತ್ತರ ಸರಿ. ಆದ್ರ ಮುತ್ಯಾನ್ನ ಓದಿದ ಕೆಲವು ಪಂಡಿತರು ಅಂತಾರ, ನೀರ ಇಲ್ಲಂದ್ರ 'ನೀರೆಲ್ಲಾ ನಿಮಗ' ಅನ್ನೋ ಮಾತ ಸುಳ್ಳು. ನಿಯಮ ತಪ್ಪಿಲ್ಲ, ನಿಮ್ಮೂರ ಮಾತ ತಪ್ಪು! ಇನ್ನೂ ಕೆಲವರು ಅದನ್ನ ಒಪ್ಪಂಗಿಲ್ಲ. ಇವತ್ತಿಗೂ ಜಗಳ ಐತಿ ಸಾವಿತ್ರಿ! ನೀ ಕೇಳಿದ್ದು ಹುಡುಗಾಟಿಕಿ ಅಲ್ಲ, ಪಂಡಿತರು ಬಡಿದಾಡೋ ಪ್ರಶ್ನಾ!"

ನನ್ನ ಕಣ್ಣು ತುಂಬಿತು. ಕಾಲುವೆ ನೋಡಿ ಹುಟ್ಟಿದ ನನ್ನ ಹುಂಬ ಮಾತಿಗೆ ಅಂಚಿನಲ್ಲಿ ಅಂಕಿಗಳಿದ್ದವು. ಮೇಡಂ ಪರ್ಸಿನಿಂದ ಕೆಂಪು ಪೆನ್ನು ತೆಗೆದರು. ಉತ್ತರಪತ್ರಿಕೆ ಎಂದೋ ಹಾಳಾಗಿತ್ತು. ನನ್ನ ಅಂಗೈ ಹಿಡಿದು ಅದರ ಮೇಲೆ ದೊಡ್ಡದಾಗಿ ಅರ್ಧ ಎಂದು ಬರೆದರು.

"ಉಳದ ಅರ್ಧಾ ಮೇಡಂ?"

"ಜಗಳ ಮುಗದಮ್ಯಾಲ. ನಾನೂ ಓದ್ತೇನಿ, ನೀನೂ ಓದು. ಹೆಚ್ಚು ಕಮ್ಮಿ ಆದ್ರ ತಿದ್ದೂಣು."

ಚಹಾ ಕುಡಿದು, ಇಂಡಿಗೆ ಮರಳಲು ಬಾಗೇವಾಡಿ ಬಸ್ಸು ಹತ್ತಿದರು. ಕಿಟಕಿಯಿಂದ ಬೆರಳೆತ್ತಿದ್ದೇ ನಾನು ಅವರನ್ನು ಕಂಡ ಕೊನೆಯ ಸಲ. ಆ ಚಳಿಗಾಲದಲ್ಲಿ ಇಂಡಿಯಿಂದ ಅವರ ತಂಗಿ ಫೋನ್ ಮಾಡಿ ಮೇಡಂ ಹೋದ ಸುದ್ದಿ ಹೇಳಿದರು.

ಈಗ ನಮ್ಮ ಕಾಲುವೆಗೆ ನೀರು ಬರುತ್ತದೆ. ಮೊನ್ನೆ ಒಂದು ಲೇಖನ ಸಿಕ್ಕಿತು. ಅಂಚು ನೋಡಿದೆ, ನಂಬರ್ ಇದ್ದವು. ಬಾಂದಿನ ಆಚೆಯವನ ಮಾತೂ ಇತ್ತು. ಸ್ಟಾಫ್ ರೂಮಿನಲ್ಲಿ ಒಂದೇ ಉಸಿರಿಗೆ ಓದಿದೆ. ಮುತ್ಯಾನ ನಿಯಮವನ್ನು ವಿವರಿಸಿ ಎಂದು ಕೇಳಿದಾಗ ಈಗಿನವರ ತರ್ಕ ತಂದು ಅಳೆಯುವುದೇ ತಪ್ಪು, ಮುತ್ಯಾನ ಲೆಕ್ಕದಲ್ಲಿ ಇಲ್ಲದ್ದರ ಬಗ್ಗೆ 'ಎಲ್ಲಾ' ಅಂದರೆ ಆ ಮಾತೇ ಸುಳ್ಳು ಎನ್ನುತ್ತದೆ ಅದು. ಎಷ್ಟು ಚಂದದ ವಾದವೆಂದರೆ ನಾನು ಪೂರ್ತಿ ಒಪ್ಪಿಬಿಟ್ಟೆ. ಅಂದಮ್ಯಾಲ? ನನ್ನ ಉತ್ತರ ಪೂರಾ ತಪ್ಪು! ಖುಷಿಗೆ ಕುರ್ಚಿಯಿಂದ ಎದ್ದೇ ಬಿಟ್ಟೆ. ಆ ಅರ್ಧ ಮಾರ್ಕು ವಾಪಸ್ ತಗೊಳ್ಳಿರಿ ಎಂದು ಹೇಳಲು ಮೊಬೈಲ್ ಎತ್ತಿಕೊಂಡು ಮೇಡಂ ನಂಬರ್ ಹುಡುಕಿದೆ. ಸಿಕ್ಕಿತು. ಒತ್ತುವ ಮೊದಲು ನೆನಪಾಯಿತು.