ಬೆಂಗಾವಲು ಹಡಗಿನ ಪೊರ್ಬುಗಳು

ಮೊನ್ನೆ ಮಣಿಪಾಲದ ಮಗಳ ಮನೆಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಅವಳು ಕೇಕಿಗೆಂದು ತಂದ ಕಪ್ಪು ಚಾಕೊಲೇಟಿನ ಗಟ್ಟಿಯನ್ನು ಚಾಕುವಿನಿಂದ ಹೆರೆದು ಬಿಸಿ ಹಾಲಿಗೆ ಹಾಕಿ, ಮೇಲಿನಿಂದ ಡಬ್ಬಿಯ ಗಟ್ಟಿಹಾಲು ಸುರಿಯುತ್ತಿದ್ದಳು. ಕಹಿಯೂ ಸಿಹಿಯೂ ಬೆರೆತ ಆ ವಾಸನೆ ಹಾಲ್‌ವರೆಗೆ ಬಂತು. ಪತ್ರಿಕೆ ಓದುತ್ತಿದ್ದವನು ತಲೆಯೆತ್ತಿದೆ. ಮೂವತ್ತೈದು ವರ್ಷಕ್ಕೂ ಹಿಂದಿನ ಖಸಬ್ ನೆನಪಾಯಿತು... ಅದರ ಜೊತೆಗೆ, ತಣ್ಣಗಾಗಿದೆ ಎಂದುಕೊಂಡಿದ್ದ ಒಂದು ಹೊಟ್ಟೆಕಿಚ್ಚೂ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಒಮಾನಿನ ಆ ಉತ್ತರದ ತುದಿಯಲ್ಲಿ, ಹಡಗು ನಿಲ್ಲುವ ಧಕ್ಕೆ ಕಟ್ಟುವ ಒಂದು ಕಂಪೆನಿಯ ಕ್ಯಾಂಪಿನಲ್ಲಿ ಕ್ಲರ್ಕ್ ಆಗಿದ್ದೆ. ಬೋಳು ಗುಡ್ಡಗಳು ನೇರವಾಗಿ ಸಮುದ್ರಕ್ಕೆ ಇಳಿಯುವ ಊರು. ಮಸ್ಕತ್ತಿನಿಂದ ವಾರಕ್ಕೆರಡು ಸಲ ಸಣ್ಣ ವಿಮಾನ ಬರುತ್ತಿತ್ತು. ಟಪಾಲು, ತರಕಾರಿ, ಊರಿನ ಸುದ್ದಿ ಎಲ್ಲವೂ ಅದರಲ್ಲೇ. ನಮ್ಮ ಮ್ಯಾನೇಜರ್ ಒಬ್ಬ ಇಂಗ್ಲಿಷ್ ಎಂಜಿನಿಯರ್. ಅರವತ್ತು ದಾಟಿದವರು, ಒಂಟಿ ಮನುಷ್ಯ. ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಗುರುವಾರ ಸಂಜೆ ಅವರು ನನ್ನನ್ನು ವರಾಂಡಕ್ಕೆ ಕರೆದು, ಹತ್ತು ದಿನ ಹಳೆಯ ಇಂಗ್ಲಿಷ್ ಪತ್ರಿಕೆಯ ಪದಬಂಧ ಬಿಡಿಸಲು ಕೂರಿಸಿಕೊಳ್ಳುತ್ತಿದ್ದರು. ಕಾಪುವಿನ ಸರಕಾರಿ ಶಾಲೆಯಲ್ಲಿ ಕಲಿತ ನನಗೆ ಅದು ದೊಡ್ಡ ಮರ್ಯಾದೆ. ಕ್ಯಾಂಪಿನ ಅರವತ್ತು ಮಂದಿಯಲ್ಲಿ ಸಾಹೇಬರ ಎದುರಿನ ಬೆತ್ತದ ಕುರ್ಚಿಯಲ್ಲಿ ಕೂರುವವನು ನಾನೊಬ್ಬನೇ ಆಗಿದ್ದೆ.

ಮೆಸ್ಸಿನ ಅಡುಗೆಯವರು ಕಲ್ಯಾಣಪುರದ ಕಡೆಯ ಕೊಂಕಣಿ ಕ್ರೈಸ್ತರು. ನಮ್ಮೂರಿನಲ್ಲಿ ಕ್ರೈಸ್ತ ಹಿರಿಯರನ್ನು ಕರೆಯುವ ಹಾಗೆ ನಾನು ಅವರನ್ನು ಪೊರ್ಬುಗಳು ಎಂದೇ ಕರೆಯುತ್ತಿದ್ದೆ. ಅವರಿಗೂ ಅರವತ್ತು ದಾಟಿತ್ತು, ಪಾಸ್‌ಪೋರ್ಟಿನಲ್ಲಿ ಮಾತ್ರ ಕಡಿಮೆ. ಕುಳ್ಳಗಿನ ಗಟ್ಟಿ ದೇಹ, ಕಾಲು ಅಗಲಿಸಿ ನಡೆಯುವ ಅಭ್ಯಾಸ. ನನ್ನ ಜೊತೆ ಅರ್ಧ ತುಳು, ಅರ್ಧ ಕನ್ನಡ. ಒಳ್ಳೆಯ ಮನುಷ್ಯರು. ಮೊದಲ ಒಂದು ವರ್ಷ ಅವರ ಬಗ್ಗೆ ನನಗೆ ಬೇರೇನೂ ಅನ್ನಿಸಿರಲಿಲ್ಲ.

ಆಗ ಇರಾನ್ ಇರಾಕ್ ಯುದ್ಧ ನಡೆಯುತ್ತಿತ್ತು. ಒಂದು ದಿನ ಕುಮ್ಜಾರ್ ಎಂಬ ಹಳ್ಳಿಯ ಕಡೆ ಸರ್ವೇ ಮಾಡುತ್ತಿದ್ದ ನಮ್ಮ ತಂಡಕ್ಕೆ ಊಟ ಕೊಂಡೊಯ್ಯುವ ಲಾಂಚಿನಲ್ಲಿ ಸಾಹೇಬರು, ನಾನು, ಪೊರ್ಬುಗಳು ಮೂವರೂ ಇದ್ದೆವು. ಗುಡ್ಡದ ಮೂಲೆ ದಾಟಿದಾಗ ದೂರದಲ್ಲಿ ತೈಲ ಹಡಗುಗಳ ಸಾಲು ಕಂಡಿತು. ಆಚೆ ಈಚೆ ಬೂದು ಬಣ್ಣದ ಯುದ್ಧನೌಕೆಗಳು ಕಾವಲಿಗೆ. ಪೊರ್ಬುಗಳು ಅನ್ನದ ಪಾತ್ರೆಯನ್ನು ಕಾಲಿನ ನಡುವೆ ಹಿಡಿದು ಕೂತಲ್ಲಿಂದಲೇ ತಮ್ಮ ಮುರುಕು ಇಂಗ್ಲಿಷಿನಲ್ಲಿ ಹೇಳಿದರು:

"ಕೊನೆಯ ಹಡಗು ಹಿಂದೆ ಬಿತ್ತು. ಈಗ ಎಸ್ಕಾರ್ಟ್ ತಿರುಗಿ ಹೋಗಿ ಅದನ್ನು ಒಟ್ಟಿಗೆ ಸೇರಿಸ್ಬೇಕು. ನಾವು ಹಾಗೇ ಮಾಡ್ತಿದ್ದದ್ದು."

ಸಾಹೇಬರು ದುರ್ಬೀನು ಕೆಳಗಿಳಿಸಿದರು. "ನಾವು ಅಂದರೆ ಯಾರು?"

ಪೊರ್ಬುಗಳು ಒಂದು ಹಡಗಿನ ಹೆಸರು ಹೇಳಿದರು. ಸಾಹೇಬರು ಎದ್ದು ಬಂದು, ಅಲ್ಲಾಡುವ ಲಾಂಚಿನಲ್ಲಿ, ಅನ್ನದ ಪಾತ್ರೆಯ ಪಕ್ಕದಲ್ಲಿ ನೆಲದ ಮೇಲೆಯೇ ಕೂತರು.

ಅಂದಿನಿಂದ ನನ್ನ ಗುರುವಾರಗಳು ಹೋದವು.

ಬ್ರಿಟಿಷರ ಆ ಹಡಗು ಬೆಂಗಾವಲಿಗೆಂದೇ ಕಟ್ಟಿದ ಸಣ್ಣ ಡಿಸ್ಟ್ರಾಯರ್. ಆ ಜಾತಿಯ ಹಡಗುಗಳಿಗೆ ಇಂಗ್ಲೆಂಡಿನ ನರಿಬೇಟೆಯ ಕೂಟಗಳ ಹೆಸರಿಡುತ್ತಿದ್ದರಂತೆ. ಎರಡನೆಯ ಮಹಾಯುದ್ಧದ ನಡುವೆ ಅದು ರಿಪೇರಿಗೆ ಬೊಂಬಾಯಿಗೆ ಬಂದಾಗ, ಅಲ್ಲಿನ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದ ಇಪ್ಪತ್ತರ ಪೊರ್ಬುಗಳು ಆಫೀಸರುಗಳ ಊಟ ಬಡಿಸುವ ಕೆಲಸಕ್ಕೆ ಹತ್ತಿದರು. ಏಡನ್, ಸುಯೆಜ್ ದಾಟಿ ಅಲೆಕ್ಸಾಂಡ್ರಿಯಾ. ಅಲ್ಲಿಂದ ಮಾಲ್ಟಾ ದ್ವೀಪಕ್ಕೆ ಹಿಟ್ಟು, ಎಣ್ಣೆ ಸಾಗಿಸುವ ಹಡಗುಗಳಿಗೆ ಕಾವಲು. ಮೇಲಿಂದ ವಿಮಾನ, ಕೆಳಗಿಂದ ಸಬ್‌ಮೆರೀನ್. ಕಾಳಗದ ಗಂಟೆ ಹೊಡೆದರೆ ಅಡುಗೆಯವರೂ ಬಡಿಸುವವರೂ ತಟ್ಟೆ ಬಿಟ್ಟು ಓಡಿ, ಹಡಗಿನ ಹೊಟ್ಟೆಯಿಂದ ತೋಪಿನವರೆಗೆ ಸಾಲಾಗಿ ನಿಂತು ಗುಂಡುಗಳನ್ನು ಕೈಯಿಂದ ಕೈಗೆ ದಾಟಿಸಬೇಕು. ಇಡೀ ಒಂದು ದಿನ ಒಂದು ಸಬ್‌ಮೆರೀನಿನ ಬೆನ್ನು ಹತ್ತಿ ನೀರಿನೊಳಗೆ ಬಾಂಬು ಸುರಿದದ್ದು, ಮುಳುಗಿದ ಹಡಗಿನವರನ್ನು ಎಣ್ಣೆ ತುಂಬಿದ ಸಮುದ್ರದಿಂದ ಬಲೆ ಇಳಿಸಿ ಎತ್ತಿದ್ದು, ಅವರ ಕಣ್ಣಿನ ಎಣ್ಣೆಯನ್ನು ಆಫೀಸರುಗಳ ಬಿಳಿ ಮೇಜುಬಟ್ಟೆಯಿಂದ ಒರೆಸಿದ್ದು... ವರಾಂಡದಲ್ಲಿ ಪೊರ್ಬುಗಳು ಒಂದೊಂದಾಗಿ ಹೇಳುತ್ತಿದ್ದರು. ಸಾಹೇಬರು ಯುದ್ಧದ ಕೊನೆಯ ವರ್ಷ ನೌಕಾಪಡೆ ಸೇರಿದ್ದರಂತೆ. ತರಬೇತಿ ಮುಗಿಯುವ ಮೊದಲು ಯುದ್ಧವೇ ಮುಗಿಯಿತು. ಅವರು ಮಕ್ಕಳ ಹಾಗೆ ಬಾಯಿ ತೆರೆದು ಕೇಳುತ್ತಿದ್ದರು.

ಹಡಗಿನಲ್ಲಿ ಚಳಿಯ ಪಾಳಿಯವರಿಗೆ ಕೊಡುತ್ತಿದ್ದ ಹಾಗೆಯೇ ಪೊರ್ಬುಗಳು ಚಾಕೊಲೇಟ್ ಗಟ್ಟಿ ಹೆರೆದು ಕೋಕೋ ಮಾಡುತ್ತಿದ್ದರು. ಚಮಚ ನೆಟ್ಟಗೆ ನಿಲ್ಲುವಷ್ಟು ದಪ್ಪ. ಖಸಬಿನ ಸೆಕೆಯಲ್ಲಿ ಸಾಹೇಬರು ಬೆವರುತ್ತಲೇ ಅದನ್ನು ಕುಡಿಯುತ್ತಿದ್ದರು. ನನಗೂ ಒಂದು ಲೋಟ ಸಿಗುತ್ತಿತ್ತು. ಆದರೆ ಬೆತ್ತದ ಕುರ್ಚಿಯಲ್ಲಿ ಈಗ ಪೊರ್ಬುಗಳು. ನಾನು ಮೆಟ್ಟಿಲ ಮೇಲೆ. ಪದಬಂಧದ ಪತ್ರಿಕೆಗಳು ಬಿಡಿಸದೆ ಒಂದರ ಮೇಲೊಂದು ಬಿದ್ದಿದ್ದವು.

ನಾನು ಸಣ್ಣವನಾದೆ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಸುಮ್ಮನೆ ದೂರು ಹೇಳಿದೆ. "ಈ ಪೊರ್ಬುಗಳ ಯುದ್ಧ ದಿನಾ ಉದ್ದ ಆಗ್ತಾ ಉಂಟು ಮಾರಾಯ" ಎಂದು ಮೆಸ್ಸಿನಲ್ಲಿ ನಗಿಸಿದೆ. ಅವರ ಕಿವಿಗೆ ಅದು ಬಿದ್ದಿರಬೇಕು. ಮರುದಿನವೂ ನನಗೆ ಇಷ್ಟವೆಂದು ಮೀನಿನ ತಲೆ ತೆಗೆದಿಟ್ಟಿದ್ದರು. ಅದರಿಂದ ನನಗೆ ಇನ್ನಷ್ಟು ಸಿಟ್ಟು ಬಂತು.

ಒಂದು ಬೆಳಿಗ್ಗೆ ಸಾಹೇಬರು ಉತ್ಸಾಹದಿಂದ ಆಫೀಸಿಗೆ ಬಂದರು. ಆ ಹಡಗಿನಲ್ಲಿದ್ದು ಬದುಕುಳಿದವರು ಇಂಗ್ಲೆಂಡಿನಲ್ಲಿ ವರ್ಷಕ್ಕೆರಡು ಸಲ ಒಂದು ವಾರ್ತಾಪತ್ರ ಹೊರಡಿಸುತ್ತಾರಂತೆ. ವಿಳಾಸ ಸಿಕ್ಕಿದೆ. ಪೊರ್ಬುಗಳು ಹೇಳುವುದನ್ನು ನಾನು ಇಂಗ್ಲಿಷಿನಲ್ಲಿ ಬರೆದು ಕಳಿಸಬೇಕು.

"ನಿನ್ನ ಇಂಗ್ಲಿಷ್ ಚೆನ್ನಾಗಿದೆ, ನೀನೇ ಬರೆ" ಎಂದರು. ಹೊರಟವರು ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು. "ನೀನೂ ನಾನೂ ಕಾಗದ ತಳ್ಳುವವರು. ಆ ಮನುಷ್ಯ ಬದುಕಿದವನು."

ನನಗೆ ಆಗ ಮೂವತ್ನಾಲ್ಕು. ಆ ಮಾತು ಎದೆಗೆ ಮುಳ್ಳಿನ ಹಾಗೆ ಹೊಕ್ಕಿತು. ಅವರು ತಮ್ಮನ್ನೂ ಸೇರಿಸಿಕೊಂಡೇ ಹೇಳಿದ್ದರು ಎನ್ನುವುದು ನನಗೆ ಎಷ್ಟೋ ವರ್ಷ ಹೊಳೆಯಲಿಲ್ಲ.

ವಾರದ ರಜೆಯಾದ ಶುಕ್ರವಾರ ಪೂಜೆಗೆ ಹೋಗಲು ಖಸಬಿನಲ್ಲಿ ಚರ್ಚ್ ಇರಲಿಲ್ಲ. ಪೊರ್ಬುಗಳು ಕೋಣೆಯಲ್ಲೇ ಜಪಸರ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿ ನನ್ನ ಎದುರು ಬಂದು ಕೂತರು. ಸಾಹೇಬರಿಗೆ ಹೇಳಿದ್ದನ್ನೆಲ್ಲ ಮತ್ತೆ ಹೇಳಿದರು. ನಾನು ಟಿಪ್ಪಣಿ ಮಾಡಿಕೊಂಡೆ. ಕೊನೆಗೆ ಅವರು ದನಿ ತಗ್ಗಿಸಿದರು.

"ಇನ್ನೊಂದು ಉಂಟು. ಸಾಹೇಬ್ರ ಮುಂದೆ ಹೇಳ್ಲಿಕ್ಕೆ ಆಗ್ಲಿಲ್ಲ. ಅವ್ರ ಜನ ಅಲ್ವಾ... ಮತ್ತೆ ನನಗೆ ಅಷ್ಟು ಇಂಗ್ಲಿಷೂ ಬರೂದಿಲ್ಲ."

ಗುಂಡು ದಾಟಿಸುವ ಸಾಲಿನಲ್ಲಿ ಅವರ ಪಕ್ಕದಲ್ಲಿ ಹತ್ತೊಂಬತ್ತರ ಒಬ್ಬ ನಾವಿಕ ನಿಲ್ಲುತ್ತಿದ್ದನಂತೆ. ಕೆಂಪು ಕೂದಲಿನವ. ಒಂದು ದಿನ ಹಿಂಬದಿಯ ತೋಪಿನ ಹತ್ತಿರ ಬಾಂಬು ಬಿತ್ತು. ಪೊರ್ಬುಗಳೇ ಅವನನ್ನು ಎಳೆದುಕೊಂಡು ಆಫೀಸರುಗಳ ಊಟದ ಕೋಣೆಗೆ ತಂದರು. ಕಾಳಗದ ಹೊತ್ತು ಗಾಯಾಳುಗಳನ್ನು ಮಲಗಿಸುವುದು ಅಲ್ಲೇ. ಡಾಕ್ಟರು ನೋಡಿ ತಲೆ ಅಲ್ಲಾಡಿಸಿ ಮುಂದಿನವನ ಕಡೆ ಹೋದರು.

"ನಾನು ಅವ್ನ ಕೈ ಹಿಡ್ದು ಕೂತೆ. ಮೇಲೆ ಪೈಪ್ ಒಡ್ದು ನೀರು ಬೀಳ್ತಿತ್ತು. ಅವ ಕಣ್ಣು ಮುಚ್ಚಿ ಕೇಳಿದ, ಮಳೆ ಬರ್ತಾ ಉಂಟಾ ಅಂತ. ನಾನು ಹೌದು ಅಂದೆ. ಆಗ ಅವ, ಪರವಾಗಿಲ್ಲ, ನನ್ನ ತಂಗಿ ಬಟ್ಟೆ ಒಳಗೆ ತಂದಿರ್ತಾಳೆ, ಅಂದ. ಮತ್ತೆ ಮಾತಾಡ್ಲಿಲ್ಲ."

ಪೊರ್ಬುಗಳು ಅಂಗಿಯ ಕೈ ಸರಿಮಾಡಿಕೊಂಡರು. "ಅವ್ನ ಮನೆಯವ್ರಿಗೆ ಯಾರಾದ್ರೂ ಹೇಳಿದ್ರೋ ಇಲ್ವೋ. ನೀವು ಅದನ್ನು ಚಂದ ಮಾಡಿ ಬರೀರಿ."

ನಾನು ಬರೆಯಲಿಲ್ಲ. ಬರೆದರೆ ಇಂಗ್ಲೆಂಡಿನಲ್ಲಿ ಅದು ಇಡೀ ಪುಟ ತುಂಬುತ್ತದೆ, ಸಾಹೇಬರು ಅದನ್ನು ಚೌಕಟ್ಟು ಹಾಕಿಸುತ್ತಾರೆ, ನಾನು ಶಾಶ್ವತವಾಗಿ ಮೆಟ್ಟಿಲ ಮೇಲೆಯೇ... ಟೈಪ್‌ರೈಟರಿನ ಮುಂದೆ ಕೂತಾಗ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಗುಂಡು ದಾಟಿಸಿದ್ದನ್ನು ಬಿಟ್ಟೆ. ಮೇಜುಬಟ್ಟೆಯನ್ನು ಬಿಟ್ಟೆ. ಆ ನಾವಿಕನನ್ನು ಬಿಟ್ಟೆ. ಉಳಿದದ್ದು, ಹಡಗಿನಲ್ಲಿ ಒಳ್ಳೆಯ ಕೋಕೋ ಮಾಡುತ್ತಿದ್ದ ಒಬ್ಬ ಭಾರತೀಯನ ನಗುಮುಖದ ಚಿತ್ರ. ವ್ಯಾಕರಣದಲ್ಲಿ ಒಂದು ತಪ್ಪು ಇರಲಿಲ್ಲ. ಸಾಹೇಬರು ಅವಸರದಲ್ಲಿದ್ದರು, ನನ್ನನ್ನು ನಂಬಿ, ಓದದೆ ಲಕೋಟೆಗೆ ಹಾಕಿದರು.

ನಾಲ್ಕು ತಿಂಗಳ ಮೇಲೆ ವಾರ್ತಾಪತ್ರ ಬಂತು. ಆಗ ಸಾಹೇಬರು ಮಸ್ಕತ್ತಿಗೆ ಹೋಗಿದ್ದರು. ವಿಮಾನ ಬಂದ ದಿನವೆಲ್ಲ ಟಪಾಲು ಕೇಳುತ್ತಿದ್ದ ಪೊರ್ಬುಗಳು ಕೈ ಒರೆಸುತ್ತ ಆಫೀಸಿಗೆ ಬಂದರು. ಪುಟ ತಿರುವಿದೆ. ಒಂದು ಮೂಲೆಯಲ್ಲಿ ಎರಡು ಸಾಲು. ನಮ್ಮ ಕೋಕೋ ಮಾಡುತ್ತಿದ್ದ ಹಳೆಯ ಗೆಳೆಯ ಅರಬರ ನಾಡಿನಲ್ಲಿ ಕ್ಷೇಮವಾಗಿದ್ದಾನೆ ಎಂದು. ಓದಿ ಹೇಳಿದೆ.

"ಅಷ್ಟೇಯಾ?" ಎಂದರು.

"ಅಷ್ಟೇ ಹಾಕಿದ್ದಾರೆ."

"ಜಾಗ ಇರ್ಲಿಕ್ಕಿಲ್ಲ ಅವ್ರಿಗೆ. ನೀವು ಬರ್ದದ್ದು ಸರಿಯೇ ಇರ್ಬಹುದು, ನಾನೇ ಹೇಳಿದ್ದು ಸರಿ ಆಗ್ಲಿಲ್ಲ" ಎಂದು, ಆ ಎರಡು ಸಾಲಿನ ತುಂಡನ್ನು ಕತ್ತರಿಸಿ ಕೊಡಲು ಕೇಳಿದರು. ಕತ್ತರಿಸಿ ಕೊಟ್ಟೆ.

ಕತ್ತರಿಸುವಾಗಲೇ ನನಗೆ ಅದೇ ಪುಟದ ಕೆಳಗಿನ ಪ್ರಕಟಣೆ ಕಂಡದ್ದು. ಬಾಂಬು ಬಿದ್ದ ಆ ದಿನ ತೀರಿಹೋದ, ಗುಂಡು ದಾಟಿಸುವ ಸಾಲಿನಲ್ಲಿದ್ದ ಹತ್ತೊಂಬತ್ತರ ನಾವಿಕನ ತಂಗಿ, ಕೊನೆಯಲ್ಲಿ ತನ್ನ ಅಣ್ಣನ ಜೊತೆ ಯಾರಾದರೂ ಇದ್ದರೆ ದಯವಿಟ್ಟು ಬರೆಯಬೇಕೆಂದು ಪ್ರತಿ ಸಂಚಿಕೆಯಲ್ಲೂ ಕೇಳುತ್ತಿದ್ದಾರೆ ಎಂದಿತ್ತು. ಕೆಳಗೆ ವಿಳಾಸ.

ಪೊರ್ಬುಗಳು ನನ್ನೆದುರೇ ನಿಂತಿದ್ದರು. ಓದಿ ಹೇಳಬಹುದಿತ್ತು. ಹೇಳಿದರೆ ನಾನು ಬಿಟ್ಟದ್ದು ಗೊತ್ತಾಗುತ್ತಿತ್ತು. ಉಳಿದ ಹಾಳೆಯನ್ನು ಮಡಚಿ ಫೈಲಿಗೆ ಹಾಕಿದೆ. ಸಾಹೇಬರು ಬಂದಾಗ, ಸಂಚಿಕೆಯನ್ನು ಪೊರ್ಬುಗಳಿಗೆ ಕೊಟ್ಟೆ ಎಂದೆ.

ಮರುವರ್ಷ ಧಕ್ಕೆಯ ಕೆಲಸ ಖಲಾಸ್ ಆಯಿತು. ಸಾಹೇಬರು ತಮ್ಮ ದೇಶಕ್ಕೆ ಹೋದರು. ಪೊರ್ಬುಗಳು ಊರಿಗೆ ಹೊರಟರು. ವಿಮಾನದ ಮೆಟ್ಟಿಲ ಹತ್ತಿರ ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು, "ಊರಿಗೆ ಬಂದ್ರೆ ಮನೆಗೆ ಬನ್ನಿ, ಕಲ್ಯಾಣಪುರದಲ್ಲಿ ಯಾರಲ್ಲಿ ಕೇಳಿದ್ರೂ ಹೇಳ್ತಾರೆ" ಎಂದರು. ನಾನು ಹೋಗಲಿಲ್ಲ. ನಾಲ್ಕೈದು ಸಲ ರಜೆಯಲ್ಲಿ ಊರಿಗೆ ಬಂದರೂ ಆ ದಾರಿ ಹಿಡಿಯಲಿಲ್ಲ.

ತೊಂಬತ್ತರ ದಶಕದ ನಡುವೆ ನಾನು ಮಸ್ಕತ್ತಿನ ಹತ್ತಿರದ ಅಲ್ ಮಬೇಲಾದಲ್ಲಿ, ಒಂದು ವರ್ಕ್‌ಶಾಪಿನ ಆಫೀಸಿನಲ್ಲಿದ್ದೆ. ಹೆಂಡತಿ, ಮಗಳು ಜೊತೆಗಿದ್ದರು. ಮಗಳಿಗೆ ಟೈಫಾಯ್ಡ್ ಬಂದು ಹದಿನೈದು ದಿನ ಆಸ್ಪತ್ರೆಯಲ್ಲಿದ್ದಳು. ನಾನೂ ಹೆಂಡತಿಯೂ ಡ್ಯೂಟಿಗೆ ಹೋದ ಹೊತ್ತಿನಲ್ಲಿ ಅವಳ ಪಕ್ಕದಲ್ಲಿ ಕೂರುತ್ತಿದ್ದ ಕೇರಳದ ನರ್ಸಮ್ಮ ಪ್ರತಿದಿನ ಸಂಜೆ ನನಗೆ ವರದಿ ಒಪ್ಪಿಸುತ್ತಿದ್ದರು: ಏನು ತಿಂದಳು, ಏನು ಕೇಳಿದಳು, ಯಾವಾಗ ನಕ್ಕಳು. ಆ ಮಾತಿಗಾಗಿ ನಾನು ಮಧ್ಯಾಹ್ನದಿಂದ ಗಡಿಯಾರ ನೋಡುತ್ತಿದ್ದೆ. ಮಗಳು ಗುಣವಾಗಿ ಮನೆಗೆ ಬಂದ ಮೇಲಿನ ಶುಕ್ರವಾರ ಹಳೆಯ ಫೈಲು ಹುಡುಕಿದೆ. ಹಾಳೆ ಇತ್ತು. ಇಡೀ ಮಧ್ಯಾಹ್ನ ಕೂತು ಎಲ್ಲವನ್ನೂ ಬರೆದೆ, ಪೈಪಿನ ನೀರು, ಮಳೆ, ಬಟ್ಟೆ. ನಾನು ಯಾಕೆ ಮೊದಲೇ ಬರೆಯಲಿಲ್ಲ ಎನ್ನುವುದನ್ನೂ ಬರೆದೆ.

ಎರಡು ತಿಂಗಳಿಗೆ ಉತ್ತರ ಬಂತು. ನಡುಗುವ ಕೈಬರಹ. ಮನೆಯ ಒಣಗಿದ ಬಟ್ಟೆ ಒಳಗೆ ತರುವುದು ಚಿಕ್ಕಂದಿನಲ್ಲಿ ನನ್ನದೇ ಕೆಲಸವಾಗಿತ್ತು, ಮರೆತು ಬೈಸಿಕೊಳ್ಳುತ್ತಿದ್ದೆ, ಅಣ್ಣ ನನ್ನ ಪರವಾಗಿ ಮಾತಾಡುತ್ತಿದ್ದ ಎಂದು ಆ ತಂಗಿ ಬರೆದಿದ್ದರು. ಕೈ ಹಿಡಿದು ಕೂತ ಆ ಮನುಷ್ಯನಿಗೆ ಈ ಪತ್ರವನ್ನು ಓದಿ ಹೇಳಿ ಎಂದು ಕೇಳಿಕೊಂಡಿದ್ದರು. ನನ್ನ ಬಗ್ಗೆ ಒಂದು ಮಾತೂ ಇರಲಿಲ್ಲ, ಬೈಗುಳವೂ ಇಲ್ಲ. ನಿಜ ಹೇಳುತ್ತೇನೆ, ಆಗಲೂ ನನಗೆ ಹೊಟ್ಟೆಕಿಚ್ಚಾಯಿತು.

ರಜೆ ಹಾಕಿ ಕಲ್ಯಾಣಪುರಕ್ಕೆ ಹೋದೆ. ಮನೆ ಕೇಳಿದ ಮೊದಲ ಅಂಗಡಿಯಲ್ಲೇ ಸುದ್ದಿ ಸಿಕ್ಕಿತು. ಪೊರ್ಬುಗಳು ತೀರಿಕೊಂಡು ಒಂದು ತಿಂಗಳಾಗಿತ್ತು. ನಾನು ಮಬೇಲಾದಲ್ಲಿ ಪತ್ರ ಬರೆದ ದಿನ ಅವರು ಇನ್ನೂ ಇದ್ದರು.

ಅವರ ಮಗಳು ನನ್ನ ಪರಿಚಯ ಕೇಳಿದ ಕೂಡಲೇ ಕುರ್ಚಿ ಎಳೆದು ಹಾಕಿದರು.

"ಖಸಬಿನ ಕ್ಲರ್ಕ್ ಅಲ್ವಾ ನೀವು? ಪಪ್ಪ ಎಷ್ಟು ಹೇಳ್ತಿದ್ರು ನಿಮ್ಮ ವಿಷಯ. ಅವ್ನಿಗೆ ಎಂಥ ಇಂಗ್ಲಿಷ್, ಕಂಡ್ರೆ ಹೊಟ್ಟೆಕಿಚ್ಚಾಗ್ತದೆ ಅಂತ ನಗಾಡ್ತಿದ್ರು. ನನಗೆ ಹಾಗೆ ಬರೀಲಿಕ್ಕೆ ಬರ್ತಿದ್ರೆ ಆ ಹುಡುಗನ ಮನೆಗೆ ಎಂದೋ ಒಂದು ಕಾಗದ ಹಾಕ್ತಿದ್ದೆ ಅಂತ."

ನಾನು ಪತ್ರವನ್ನು ತೆಗೆದು ಅವರಿಗೆ ಕನ್ನಡದಲ್ಲಿ ಓದಿ ಹೇಳಿದೆ. ಯಾಕೆ ತಡವಾಯಿತು ಎಂದೂ ಹೇಳಿದೆ. ಅವರು ನನ್ನನ್ನು ನೋಡಲಿಲ್ಲ. ಎದ್ದು, "ಊಟದ ಹೊತ್ತಾಯ್ತು, ಉಂಡು ಹೋಗಿ" ಎಂದರು. ಆ ದನಿಯಲ್ಲಿ ಮೊದಲಿನ ಬಿಸಿ ಇರಲಿಲ್ಲ. ಆದರೂ ಬಡಿಸಿದರು. ನಾನೂ ಉಂಡೆ.

ಈಗ ಖಸಬಿನ ಆ ದಿನಗಳ ಪೊರ್ಬುಗಳಿಗಿಂತ ನನಗೇ ವಯಸ್ಸು ಹೆಚ್ಚಾಯಿತು. ಮಗಳ ಮನೆಯಿಂದ, ಈಗ ನಾವಿರುವ ಹೆಂಡತಿಯ ಊರಿಗೆ ಬಸ್ಸಿನಲ್ಲಿ ಬರುವಾಗ, ಸಂತೆಕಟ್ಟೆ ದಾಟಿ ಕಲ್ಯಾಣಪುರದ ತಿರುವು ಬಂದರೆ, ಒಮ್ಮೆ ಇಳಿದು ಚರ್ಚಿನ ಹಿಂದಿನ ಅವರ ಸಮಾಧಿಯ ಬಳಿ ನಿಲ್ಲಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತೇನೆ. ಎರಡು ಸಲ ಇಳಿದೂ ಇದ್ದೇನೆ. ಗೇಟಿನವರೆಗೆ ಹೋಗಿ, ಒಳಗೆ ಹೋಗಿ ಏನು ಹೇಳುವುದೆಂದು ತಿಳಿಯದೆ ಮುಂದಿನ ಬಸ್ಸು ಹಿಡಿದಿದ್ದೇನೆ.